ಭುಜದ ಮೇಲೆ ಎರಡು ತಟ್ಟು

"ಮೊದಲು ಆ ಟೋಪಿ ತೆಗೀರಿ, ಬರ್ನಾರ್ಡ್," ಎಂದು ಮ್ಯುರಿಯಲ್ ಚಿತಾಗಾರದ ಬಾಗಿಲಲ್ಲೇ ಮಾಂಸದಂಗಡಿಯವನ ತೋಳು ಹಿಡಿದು ನಿಲ್ಲಿಸಿದಳು.

ಹಳದಿ ಉಣ್ಣೆಯ ಕುಚ್ಚಿನ ಟೋಪಿ. ಟಿವಿಯ ನಗೆನಾಟಕದಲ್ಲಿ ಅವಳ ಗಂಡ ವಿಲ್ಫ್ ಹಾಕುತ್ತಿದ್ದಂಥದ್ದೇ.

"ಗೌರವಕ್ಕೆ ಅಂತ ಹಾಕ್ಕೊಂಡೆ, ಮಿಸೆಸ್ ಓಗ್ಡನ್. ನನ್ನವಳು ಮೂರು ದಿನ ಕೂತು ಹೆಣೆದಿದ್ದು."

"ಚೆನ್ನಾಗೇ ಹೆಣೆದಿದಾಳೆ. ಜೇಬಲ್ಲಿಡಿ. ಅವ್ರು ಟಿವೀಲಿ ಹೇಳ್ತಿದ್ದ ಆ ಮಾತೂ ಇವತ್ತು ಯಾರ ಬಾಯಲ್ಲೂ ಬರಕೂಡದು."

ಮಗಳು ಜಾನೆಟ್ ಹತ್ತಿರ ಬಂದು ಪಿಸುಗುಟ್ಟಿದಳು. "ಅಮ್ಮ, ಅರ್ಧ ಓಲ್ಡಮ್ ಊರೇ ಬಂದಿದೆ. ಅದನ್ನ ಹೇಳೋಕೇ ಬಂದಿರೋದು."

"ಇಲ್ಲಿ ಕೊಟ್ಟಿರೋದು ಇಪ್ಪತ್ತು ನಿಮಿಷ. ಅಷ್ಟು ಹೊತ್ತಾದ್ರೂ ಅವ್ರು ಮಿಸ್ಟರ್ ಥ್ರಪ್ ಆಗ್ದೆ ನನ್ನ ಗಂಡ ಆಗಿರ್ಲಿ."

ಟಿವಿಯಲ್ಲಿ ಥ್ರಪ್ಪನ ಪಾತ್ರ ನಡೆದದ್ದು ಮೂರೇ ವರ್ಷ. ಆಮೇಲೆ ವಿಲ್ಫ್ ಮೂವತ್ತು ವರ್ಷ ಬಣ್ಣದಂಗಡಿಯಲ್ಲಿ ಡಬ್ಬ ಮಾರಿದ. ಆದರೂ ಬಸ್ಸಿನಲ್ಲಿ, ಮಗಳ ಮದುವೆಯಲ್ಲಿ ಜನ ಆ ಮಾತು ಕೇಳದೆ ಬಿಡಲಿಲ್ಲ. ಹೋದ ವಾರ ಆಸ್ಪತ್ರೆಯಲ್ಲಿ ಪಕ್ಕದ ಮಂಚದವನೂ, "ಒಂದ್ಸಲ ಹೇಳಿ ಗುರುವೇ," ಎಂದ. ವಿಲ್ಫ್ ಮೂಗಿನ ನಳಿಕೆ ಸರಿಸಿ, ಉಸಿರು ಕೂಡಿಸಿಕೊಂಡು ಹೇಳಿದ: "ಯಾರೂ ಏಳ್ಬೇಡಿ, ನಾನು ಹೊರಟೆ!"

ವಾರ್ಡೆಲ್ಲ ನಕ್ಕಿತು. ಆದರೆ ಅವನು ತನಗೆ ಹೇಳಿದ ಕೊನೆಯ ಮಾತು ಯಾವುದೆಂದು ಮ್ಯುರಿಯಲ್ ಎಷ್ಟು ಯೋಚಿಸಿದರೂ ನೆನಪಾಗುತ್ತಿರಲಿಲ್ಲ.

*

ಮ್ಯಾಂಚೆಸ್ಟರಿನ ಸ್ಟುಡಿಯೋದಲ್ಲಿ ಅದೊಂದು ಹಲಗೆಯ ಬಾಗಿಲು. ಮುಂದೆ ಗೋಡೆ, ಕುರ್ಚಿ, ಜಗಳವಾಡುವ ಕುಟುಂಬ. ಹಿಂದೆ ಕತ್ತಲು. ಅಲ್ಲಿ ನಿಂತವನಿಗೆ ಯಾವ ಸನ್ನೆಯೂ ಕಾಣದು. ಅದಕ್ಕೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತು, ಸಮಯಕ್ಕೆ ಸರಿಯಾಗಿ ಅವನ ಭುಜ ಎರಡು ಸಲ ತಟ್ಟಬೇಕು. ಆ ಹುಡುಗಿ ಮ್ಯುರಿಯಲ್.

"ಕೈಕಾಲು ತಣ್ಣಗಾಗ್ತಿದೆ ಕಣ್ರೀ," ಎಂದಿದ್ದ ವಿಲ್ಫ್ ಮೊದಲ ದಿನ. "ಯಾರೂ ನಗ್ದೇ ಹೋದ್ರೆ?"

"ನಾನು ತಟ್ಟೋವರ್ಗೂ ನೀವೇನೂ ಯೋಚ್ನೆ ಮಾಡ್ಬೇಡಿ."

ತಟ್ಟಿದಳು. ಅವನು ಬಾಗಿಲು ತೆರೆದು ಜಗಳ ನೋಡಿದ, ಆ ಮಾತು ಹೇಳಿದ, ಬಾಗಿಲು ಎಳೆದುಕೊಂಡ. ಆಚೆ ಮುನ್ನೂರು ಜನ ಪ್ರೇಕ್ಷಕರು ಬಿದ್ದು ಬಿದ್ದು ನಗುತ್ತಿದ್ದರು. ಅವನು ಮಾತ್ರ ಕತ್ತಲಲ್ಲಿ ಅವಳ ಮುಖ ಹುಡುಕಿದ. "ಸರಿಯಾಯ್ತಾ?"

ಮೂರು ವರ್ಷವೂ ಪ್ರತಿ ಸಲ ಹಾಗೇ ಕೇಳಿದ. ಅವಳು ತಲೆಯಾಡಿಸಿದ ಮೇಲೇ ಟೋಪಿ ತೆಗೆಯುತ್ತಿದ್ದ.

*

ಪಾದ್ರಿ ಬಣ್ಣದಂಗಡಿಯ ಬಗ್ಗೆ ಹೇಳಿದರು, ಚರ್ಚಿನ ಬೇಲಿಗೆ ವಿಲ್ಫ್ ಬಳಿದ ಹಸಿರಿನ ಬಗ್ಗೆ ಹೇಳಿದರು. ಜನ ಮ್ಯುರಿಯಲ್‌ಳ ಮಾತು ಉಳಿಸಿಕೊಂಡಿದ್ದರು. ಒಬ್ಬರೂ ಕೆಮ್ಮಲಿಲ್ಲ. ತುಂಬಿದ ಕೋಣೆ, ಒಂದು ಸದ್ದಿಲ್ಲ. ಅವನು ಜೀವನವಿಡೀ ಹೆದರಿದ್ದು ಇದಕ್ಕೇ ಅಲ್ಲವೇ? ಅವಳ ಕೈಕಾಲು ತಣ್ಣಗಾದವು.

"ಕೊನೆಯ ಪ್ರಾರ್ಥನೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ," ಎಂದರು ಪಾದ್ರಿ.

ಎಲ್ಲರಿಗಿಂತ ಮೊದಲು ಮ್ಯುರಿಯಲ್ ಎದ್ದಳು. ನೇರ ಶವಪೆಟ್ಟಿಗೆಯ ಹತ್ತಿರ ನಡೆದಳು.

"ಅಮ್ಮ?" ಎಂದಳು ಜಾನೆಟ್.

ಭುಜ ಇರಬಹುದಾದ ಕಡೆ ಅವಳು ಹಲಗೆಯನ್ನು ಎರಡು ಸಲ ತಟ್ಟಿದಳು. ಆಮೇಲೆ ಜನರತ್ತ ತಿರುಗಿದಳು.

"ಯಾರೂ ಏಳ್ಬೇಡಿ."

ಅರ್ಧ ಎದ್ದಿದ್ದ ಬರ್ನಾರ್ಡ್ ಹಾಗೇ ನಿಂತ. ಆಮೇಲೆ ಕೂತ. ಬೆಂಚು ಬೆಂಚೇ ಕೂತಿತು. ಉಳಿದರ್ಧ ಮಾತನ್ನು ಯಾರೂ ಹೇಳಲಿಲ್ಲ. ಪೆಟ್ಟಿಗೆಯ ಮುಂದೆ ಪರದೆ ಮೆಲ್ಲಗೆ ಮುಚ್ಚಿಕೊಳ್ಳತೊಡಗಿತು. ಬರ್ನಾರ್ಡ್ ಜೇಬಿನಿಂದ ಹಳದಿ ಟೋಪಿ ತೆಗೆದು ತಲೆಗೆ ಹಾಕಿಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಇನ್ಯಾರೋ ತಡೆಯಲಾರದೆ ನಕ್ಕರು, ನಗು ಸಾಲಿನಿಂದ ಸಾಲಿಗೆ ಹತ್ತಿ ಛಾವಣಿ ಮುಟ್ಟಿತು.

ಮ್ಯುರಿಯಲ್ ಮುಚ್ಚಿದ ಪರದೆಯ ಕಡೆ ತಿರುಗಿ ತಲೆಯಾಡಿಸಿದಳು.