ಎಲುಬಿಲ್ಲದ ಗಾಡಿ

ಕಾರ್ಖಾನೆಯ ತೂಕದ ಕಟ್ಟೆಯ ಮೇಲೆ ಗಾಡಿ ನಿಂತಿತು. ಮುಳ್ಳು ಓಲಾಡಿ ಓಲಾಡಿ ಐದೂವರೆ ಟನ್ನಿನ ಮೇಲೆ ಕೂತಿತು. ಸೈನ್ಯ ಕೇಳಿದ್ದು ನಾಲ್ಕು ಚಕ್ರದ ಹಗುರವಾದ ಕವಚದ ಗಾಡಿ. ಟ್ಯಾಂಕು ದಾಟಲಾಗದ ಹಳೆಯ ಸೇತುವೆಗಳನ್ನು ಅದು ದಾಟಬೇಕು. ಆ ಸೇತುವೆಗಳು ತಾಳುವುದು ಐದೇ ಟನ್.

"ತಗಡು ತೆಳ್ಳಗೆ ಮಾಡೋಣ," ಎಂದರು ಮುಖ್ಯ ಇಂಜಿನಿಯರು. ಎರಡು ವರ್ಷಗಳಿಂದ ಗಾಡಿಯ ಧ್ಯಾನ ಬಿಟ್ಟರೆ ಬೇರೇನೂ ಇಲ್ಲದ ಮನುಷ್ಯ ಅವರು.

"ತೆಳ್ಳಗೆ ಮಾಡಿದ್ರೆ ಗುಂಡು ಒಳಗೇ ಬರುತ್ತೆ ಸಾರ್," ಎಂದಳು ಅಕ್ಕ. ಅವಳು ಬೆಸುಗೆ ವಿಭಾಗದ ಮೇಸ್ತ್ರಿ. ವಯಸ್ಸಿನಲ್ಲಿ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಒಬ್ಬನಿಗೆ ಮಾತ್ರ ಅವಳು ನಿಜವಾದ ಅಕ್ಕ. ಅವನು ಸೈನ್ಯದ ಚಾಲಕ, ಈ ಗಾಡಿಯನ್ನು ಓಡಿಸಿ ನೋಡಲು ಬಂದವನು.

"ಮತ್ತೆ ಏನನ್ನ ಇಳಿಸ್ಲಿ? ನನ್ನ ಹೊಟ್ಟೇನಾ?" ಎಂದರು ಇಂಜಿನಿಯರು.

ತಮ್ಮ ಕಿಸಕ್ಕನೆ ನಕ್ಕ. ಅಕ್ಕ ನಗಲಿಲ್ಲ. ಬಗ್ಗಿ ಗಾಡಿಯ ಅಡಿಗೆ ಹೋದಳು. ತಳದಲ್ಲಿ ದಪ್ಪ ತೊಲೆಗಳು, ತೊಲೆಗಳ ಮೇಲೆ ಎಲುಬಿನಂಥ ಕಂಬಿಗಳು, ಕಂಬಿಗಳಿಗೆ ಬೋಲ್ಟು ಹಾಕಿ ಬಿಗಿದ ತಗಡುಗಳು. ಸುತ್ತಿಗೆಯಿಂದ ಒಂದು ಕಂಬಿಯನ್ನು ಬಡಿದಳು.

"ಈ ಎಲುಬು ಯಾಕೆ ಸಾರ್?"

"ತಗಡನ್ನ ಹಿಡಿದುಕೊಳ್ಳೋಕೆ."

"ತಗಡೇ ತಗಡನ್ನ ಹಿಡಿದುಕೊಂಡ್ರೆ? ಅಂಚಿಗೆ ಅಂಚು ಬೆಸೆದ್ರೆ ಪೆಟ್ಟಿಗೆ ಥರ ಗಟ್ಟಿಯಾಗಿ ನಿಲ್ಲುತ್ತೆ. ಚಕ್ರದ ಸ್ಪ್ರಿಂಗು ನೇರ ತಳಕ್ಕೇ ಕೂರಿಸಿ. ಎಲುಬೂ ಬೇಡ, ತೊಲೇನೂ ಬೇಡ."

"ಬೆಸುಗೆ ಬಿಟ್ಟುಕೊಂಡ್ರೆ ಇಡೀ ಗಾಡಿ ಬಾಯಿ ಬಿಡುತ್ತಲ್ಲಮ್ಮಾ!"

"ಒಳಗೆ ಕೂರೋನು ನನ್ನ ತಮ್ಮ. ಬಿಟ್ಟುಕೊಳ್ಳೋ ಹಾಗೆ ಬೆಸೀತೀನಾ?"

ಇಂಜಿನಿಯರು ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, ಗೋಡೆಗೆ ಅಂಟಿಸಿದ್ದ ನಕ್ಷೆಯ ಮೇಲೆ ಅಡ್ಡಡ್ಡ ಗೀಟು ಎಳೆದರು. "ಶುರು ಮಾಡಿ!"

ಐದು ವಾರ ಕಾರ್ಖಾನೆ ಜೇನುಗೂಡಾಯಿತು. ಹೊಸ ಗಾಡಿಯ ತೂಕ ನಾಲ್ಕೂವರೆ ಟನ್! ಇಂಜಿನಿಯರು ಪಕ್ಕದಲ್ಲಿದ್ದ ಕಾವಲುಗಾರನನ್ನೇ ತಬ್ಬಿಕೊಂಡರು. ಬಯಲಿನಲ್ಲಿ ಖಾಲಿ ಗಾಡಿಗೆ ಗುಂಡು ಹೊಡೆದು ನೋಡಿದರು, ಅದೂ ಬೇಕಂತಲೇ ಬೆಸುಗೆಯ ಗೆರೆಗೇ ಗುರಿಯಿಟ್ಟು. ಎಲ್ಲ ಮುಗಿದ ಮೇಲೆ ಅಕ್ಕ ಓಡಿಹೋಗಿ ಬಿಸಿ ತಗಡಿನ ಮೇಲೆ ಬೆರಳಾಡಿಸಿದಳು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

ಬಣ್ಣ ಬಳಿಯುವ ಮೊದಲೇ ಸೈನ್ಯದಿಂದ ಕರೆ ಬಂತು. ಯುದ್ಧ ಊರಿನ ಅಂಚಿಗೆ ಬಂದಿತ್ತು. ನದಿಯಾಚೆ ಹಿಟ್ಟಿನ ಗಿರಣಿಯಲ್ಲಿ ಹನ್ನೊಂದು ಮಂದಿ ಗಾಯಾಳುಗಳು ಸಿಕ್ಕಿಬಿದ್ದಿದ್ದರು. ಸೇತುವೆಯ ಮೇಲೆ ಎಡೆಬಿಡದೆ ಗುಂಡು. ಲಾರಿ ಹೋದರೆ ಜರಡಿಯಾಗುತ್ತಿತ್ತು, ಟ್ಯಾಂಕು ಹೋದರೆ ಸೇತುವೆಯೇ ಕುಸಿಯುತ್ತಿತ್ತು.

ತಮ್ಮ ಗಾಡಿ ಹತ್ತಿದ. ಹಿಂದಿನಿಂದ ಅಕ್ಕನೂ ಹತ್ತಿದಳು.

"ಇಳಿ ಅಕ್ಕಾ! ಇದೇನು ಹುಡುಗಾಟಾನಾ?"

"ಹಿಂದಿನ ಬಾಗಿಲಿನ ಚಿಲಕ ಇನ್ನೂ ಸರಿಯಾಗಿ ಕೂತಿಲ್ಲ. ಅದನ್ನ ತೆಗೆಯೋ ವರಸೆ ನಂಗೊಬ್ಬಳಿಗೇ ಗೊತ್ತು. ಸುಮ್ನೆ ಓಡಿಸು."

ಗಾಡಿ ಸೇತುವೆಗೆ ನುಗ್ಗಿತು. ಕವಚಕ್ಕೆ ಗುಂಡು ತಾಗಿದ ಸದ್ದು ತಗಡಿನ ಮಾಡಿನ ಮೇಲೆ ಬೆಣಚುಕಲ್ಲು ಸುರಿದಂತಿತ್ತು. ಸೇತುವೆಯ ಮರದ ಹಲಗೆಗಳು ಕಿರುಗುಟ್ಟಿದವು, ಆದರೆ ತಾಳಿದವು. ಗಿರಣಿಯ ಬಾಗಿಲಲ್ಲಿ ಅಕ್ಕ ಚಿಲಕವನ್ನು ಮೇಲೆತ್ತಿ, ಮೊಣಕಾಲಿನಿಂದ ಗುದ್ದಿ ಗಾಡಿಯ ಹಿಂಬಾಗಿಲು ತೆಗೆದಳು. ನಾಲ್ವರನ್ನು ಸ್ಟ್ರೆಚರಿನಲ್ಲಿ ಒಳಗೆಳೆದುಕೊಂಡು ಈಚೆ ದಡಕ್ಕೆ ತಂದರು. ಎರಡನೇ ಸಲ ಮತ್ತೆ ನಾಲ್ವರು.

ಮೂರನೇ ಸಲ ಉಳಿದ ಮೂವರನ್ನು ಹತ್ತಿಸಿಕೊಂಡು ಮರಳುವಾಗ ಸೇತುವೆಯ ನಡುಮಧ್ಯೆ ಢಮಾರ್ ಎಂದಿತು. ಮುಂದಿನ ಎಡ ಟೈರು ಸಿಡಿದು ಗಾಡಿ ಸೇತುವೆಯ ಎಡಬದಿಯ ತಡೆಕಂಬಿಯತ್ತ ಎಳೆಯಿತು.

"ಹೋಯ್ತು ಅಕ್ಕಾ!"

"ಏನೂ ಹೋಗಿಲ್ಲ! ಇನ್ನೂ ಮೂರು ಚಕ್ರ ಇದೆ. ಬಲಕ್ಕೆ ಹಿಡಿ! ನಿಲ್ಲಿಸಬೇಡ!"

ಅವನು ಇಡೀ ಮೈಭಾರ ಹಾಕಿ ಸ್ಟೀರಿಂಗನ್ನು ಬಲಕ್ಕೆ ಎಳೆದ. ಬರಿಯ ಚಕ್ರದ ಕಬ್ಬಿಣ ಹಲಗೆಯನ್ನು ಕೆತ್ತುತ್ತಾ, ಮೊಳೆಗಳಿಗೆ ಉಜ್ಜಿ ಕಿಡಿ ಹಾರಿಸಿತು. ಮಲಗಿದ್ದ ಒಬ್ಬ ಗಾಯಾಳು ಮುದುಕ, "ನಡೀ ಮಗಾ, ನಡೀ!" ಎಂದು ಕೂಗಿದ. ಇಪ್ಪತ್ತು ಗಜ. ಹತ್ತು. ಮಣ್ಣು! ಈಚೆ ದಡದಲ್ಲಿದ್ದವರ ಕೇಕೆ ಎಂಜಿನ್ನಿನ ಸದ್ದನ್ನೂ ಮೀರಿ ಒಳಗೆ ಕೇಳಿಸಿತು.

ಹನ್ನೊಂದು ಮಂದಿಯೂ ಬದುಕಿದ್ದರು. ತಮ್ಮ ಕೆಳಗಿಳಿದು ಗಾಡಿಗೆ ಒರಗಿ ನಿಂತ. ಮುಖದ ತುಂಬ ನಗು. "ಇನ್ಮೇಲೆ ನಿನ್ನ ಬೈಯಲ್ಲ ಅಕ್ಕಾ," ಎಂದ. "ಸುಳ್ಳು ಹೇಳಬೇಡ," ಎಂದು ಅವಳು ಅವನ ತಲೆಗೊಂದು ಮೊಟಕಿದಳು. ಆಮೇಲೆ ಆ ತಲೆಯನ್ನೇ ಎದೆಗೊತ್ತಿಕೊಂಡು ಅತ್ತುಬಿಟ್ಟಳು.

ಇಂಜಿನಿಯರು ಏದುಸಿರು ಬಿಡುತ್ತಾ ಓಡಿಬಂದರು. "ಸೈನ್ಯದವರು ನಲವತ್ತು ಗಾಡಿ ಕೇಳ್ತಿದಾರೆ! ನಲವತ್ತು! ಏನಾದ್ರೂ ಬದಲಾವಣೆ ಬೇಕೇನಮ್ಮಾ?"

ಅಕ್ಕ ಕಣ್ಣೊರೆಸಿಕೊಂಡು ಹಿಂದಿನ ಬಾಗಿಲಿಗೆ ಗೇಣು ಹಾಕಿ ತೋರಿಸಿದಳು.

"ಇನ್ನೂ ಇಷ್ಟು ಅಗಲ ಆಗ್ಬೇಕು ಸಾರ್. ಸ್ಟ್ರೆಚರು ಓರೆ ಮಾಡಿ ತೂರಿಸೋಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಬನ್ನಿ, ಬೆಳಕು ಇರೋವಾಗ್ಲೇ ಅಳತೆ ತಗೊಳ್ಳೋಣ."