ಬಚ್ಚಲಿನಲ್ಲಿ ಕಳೆದುಹೋದ ಒಂದೂವರೆ ಅಡಿ

ಅತ್ತೆಯ ಮಂಡಿನೋವಿಗೆ ದಿನವೂ ಅರ್ಧ ಗಂಟೆ ಬಿಸಿನೀರಿನಲ್ಲಿ ಕಾಲು ನೀಡಿ ಕೂರಬೇಕು, ಟಬ್ಬು ಹಾಕಿಸಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಹೇಳುವುದು ಸುಲಭ. ಅತ್ತೆ-ಸೊಸೆಯರ ಮನೆಯ ಬಚ್ಚಲು ಬಾಗಿಲ ಬಳಿ ನಾಲ್ಕೂವರೆ ಅಡಿ ಅಗಲವಿದ್ದು, ಒಳಹೋದಂತೆ ಸೊರಗುತ್ತಾ, ಹಿಂಗೋಡೆ ಮುಟ್ಟುವಷ್ಟರಲ್ಲಿ ಮೂರೇ ಅಡಿಯಾಗುತ್ತಿತ್ತು. ಒಂದು ಪಕ್ಕ ಕಮೋಡು, ಇನ್ನೊಂದು ಪಕ್ಕ ಓರೆ ಗೋಡೆ. ಟಬ್ಬಿಗೆ ಉಳಿದದ್ದು ಹಿಂಗೋಡೆಯ ಬುಡ ಮಾತ್ರ.

ಅತ್ತೆ ನಲವತ್ತು ವರ್ಷ ಊರಿನ ಜನಕ್ಕೆ ಬಟ್ಟೆ ಹೊಲಿದವರು. ಕಂದು ಕಾಗದವನ್ನು ಆ ಜಾಗದ ಅಳತೆಗೇ ಕತ್ತರಿಸಿ, ಮಡಚಿ, ಚೀಲಕ್ಕೆ ಹಾಕಿಕೊಂಡು, ಕೋಲೂರುತ್ತಾ ಸೊಸೆಯ ಜೊತೆ ಅಂಗಡಿಗೆ ಹೊರಟರು.

ಅಂಗಡಿಯಲ್ಲಿ ಸಾಲಾಗಿ ಟಬ್ಬುಗಳಿದ್ದವು. ಅತ್ತೆ ಕಾಗದವನ್ನು ನೆಲಕ್ಕೆ ಹಾಸಿ, "ಇದರ ಮೇಲೆ ಯಾವುದು ಕೂರುತ್ತೋ ಅದನ್ನ ತೋರ್ಸಿ" ಎಂದರು. ಕೂತದ್ದು ಒಂದೇ, ಮೂಲೆಗೆ ಹಾಕುವ ಮೂರು ಮೂಲೆಯ ಪುಟ್ಟ ಟಬ್ಬು. ಅತ್ತೆ ಚಪ್ಪಲಿ ಕಳಚಿ, ಸೊಸೆಯ ಭುಜ ಹಿಡಿದು ಅದರೊಳಗೆ ಇಳಿದೇಬಿಟ್ಟರು. ಮಂಡಿ ಗಲ್ಲಕ್ಕೆ ತಾಗಿತು.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತಾರಲ್ಲ, ಅಮ್ಮ" ಎಂದು ಅಂಗಡಿಯವನು ನಕ್ಕ.

"ಆ ಗಾದೆ ಕಟ್ಟಿದವನಿಗೆ ಮಂಡಿನೋವು ಇರ್ಲಿಲ್ಲ ಬಿಡಪ್ಪ."

ಬರಿಗೈಯಲ್ಲಿ ಮನೆಗೆ ಬಂದರು. ಆದರೆ ಕಾಗದದ ಆ ಓರೆ ಅಂಚು ಅತ್ತೆಯ ತಲೆ ಕೊರೆಯತೊಡಗಿತು. ಯಾರಾದರೂ ಬೇಕೆಂದೇ ಗೋಡೆಯನ್ನು ಸೊಟ್ಟಗೆ ಕಟ್ಟುತ್ತಾರೆಯೇ? ಟೇಪಿನ ಒಂದು ತುದಿಯನ್ನು ಸೊಸೆಯ ಕೈಗೆ ಕೊಟ್ಟು ಮನೆಯ ಹಿಂದಕ್ಕೆ ಹೋದರು. ಅಡುಗೆಮನೆ, ಬಚ್ಚಲು ಎರಡೂ ಸೇರಿ ಹೊರಗಿನಿಂದ ಹದಿನೈದು ಅಡಿ. ಒಳಗೆ ಅಡುಗೆಮನೆ ಒಂಬತ್ತು, ಬಚ್ಚಲು ಮೂರು, ಗೋಡೆಗಳ ದಪ್ಪವೆಲ್ಲ ಸೇರಿ ಒಂದೂವರೆ.

"ಹದಿಮೂರೂವರೆ ಆಯ್ತು. ಇನ್ನೊಂದೂವರೆ ಅಡಿ ಎಲ್ಲಿ ಹೋಯ್ತು?"

"ಅಳೆಯೋದ್ರಲ್ಲಿ ತಪ್ಪಾಗಿರ್ಬೇಕು ಅತ್ತೆ" ಎಂದಳು ಸೊಸೆ. ಮತ್ತೆ ಅಳೆದರು. ಅಷ್ಟೇ ಬಂತು. ಈಗ ಸೊಸೆಗೂ ಕುತೂಹಲ ಹತ್ತಿತು. ಅವಳೇ ಬಚ್ಚಲಿಗೆ ಓಡಿ, ಬೆರಳ ಗಿಣ್ಣಿನಿಂದ ಓರೆ ಗೋಡೆಯನ್ನು ಉದ್ದಕ್ಕೂ ಬಡಿದಳು. ಬಾಗಿಲ ಕಡೆ ಟಕ್ ಟಕ್ ಎಂದ ಗೋಡೆ ಒಳಗಡೆ ಡಬ್ ಡಬ್ ಎಂದಿತು.

ಮರುದಿನ ಬಂದ ಪ್ಲಂಬರ್ ತಲೆ ಕೆರೆದುಕೊಂಡ. "ಹಳೇ ಮನೆ ಅಮ್ಮ, ಅಳತೆ ಹೆಚ್ಚುಕಮ್ಮಿ ಇರುತ್ತೆ."

"ಬಟ್ಟೆ ಕುಗ್ಗುತ್ತೆ ಕಣಪ್ಪ, ಗೋಡೆ ಕುಗ್ಗುತ್ತಾ?"

ಪ್ಲಂಬರ್ ತಾನೂ ಒಮ್ಮೆ ಗೋಡೆ ಬಡಿದು ನೋಡಿದ. ತನ್ನ ಗುರುತಿನ ಗಾರೆ ಕೆಲಸದವನನ್ನು ಕರೆತಂದ. ಅದು ಭಾರ ಹೊರುವ ಗೋಡೆಯಲ್ಲವೆಂದು ಅವನು ಖಾತ್ರಿ ಮಾಡಿಕೊಂಡ ಮೇಲೆ ಪ್ಲಂಬರ್ ಒಂದು ಟೈಲ್ ಕಿತ್ತು ಉಳಿ ಇಟ್ಟ. "ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಆಗದಿದ್ರೆ ಸಾಕು" ಎನ್ನುತ್ತಿದ್ದಂತೆ ಇಟ್ಟಿಗೆಯೊಂದು ಒಳಕ್ಕೆ ಬಿತ್ತು. ಒಳಗಿನಿಂದ ಭುಸ್ಸೆಂದು ಮಸಿ ನುಗ್ಗಿ ಅವನ ಮುಖವೆಲ್ಲ ಕರ್ರಗಾಯಿತು.

ಸೊಸೆ ಟಾರ್ಚ್ ಹಿಡಿದು ಇಣುಕಿದಳು. ಅಡುಗೆಮನೆಯಲ್ಲಿ ಸೌದೆ ಒಲೆ ಉರಿಯುತ್ತಿದ್ದ ಕಾಲದ ಹೊಗೆಗೂಡು! ಒಲೆ ಹೋಗಿ ಎಷ್ಟು ಕಾಲವಾಗಿತ್ತೋ, ಗೂಡಿನ ನೆತ್ತಿಗೆ ಕಲ್ಲು ಹೊದಿಸಿ ಮುಚ್ಚಿದ್ದರು. ಅದನ್ನು ಮರೆಮಾಡಲು ಯಾರೋ ಬಚ್ಚಲ ಕಡೆಯಿಂದ ಈ ಓರೆ ಗೋಡೆ ಎಬ್ಬಿಸಿದ್ದರು.

"ನೋಡಿದ್ಯಾ, ನನ್ನ ಲೆಕ್ಕ ತಪ್ಪಿರ್ಲಿಲ್ಲ" ಎಂದು ಅತ್ತೆ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದರು.

ಗೋಡೆ, ಗೂಡು ಎರಡನ್ನೂ ಒಡೆದು, ಮಸಿ ಕೆರೆದು ಸಾಗಿಸಲು ನಾಲ್ಕು ದಿನ ಹಿಡಿಯಿತು. ಬಚ್ಚಲು ಈಗ ಹಿಂಗೋಡೆಯಲ್ಲೂ ನಾಲ್ಕೂವರೆ ಅಡಿ. ಅಷ್ಟೇ ಉದ್ದದ, ಒರಗಲು ಇಳಿಜಾರಿದ್ದ ಟಬ್ಬನ್ನು ಅತ್ತೆ ಆರಿಸಿದರು. ಅಂಗಡಿಯಲ್ಲೇ ಅದರೊಳಗೆ ಎರಡು ಸಲ ಮಲಗಿ ಎದ್ದು ನೋಡಿದ್ದರು. ಎರಡಡಿಯ ಬಾಗಿಲಲ್ಲಿ ಅದು ಅಡ್ಡಕ್ಕೆ ನುಗ್ಗದೆ ಇಬ್ಬರು ಆಳುಗಳು ನೆಟ್ಟಗೆ ನಿಲ್ಲಿಸಿ, ತಿರುಗಿಸಿ, ಬೆವರು ಸುರಿಸಿ ಒಳಗೆ ತಂದರು.

ಮೊದಲ ದಿನ ಅತ್ತೆ ಒಳಗೆ ಹೋಗಿ ಮುಕ್ಕಾಲು ಗಂಟೆಯಾದರೂ ಸದ್ದಿಲ್ಲ. ಸೊಸೆ ಗಾಬರಿಯಾಗಿ ಬಾಗಿಲು ತಟ್ಟಿದಳು. "ಅತ್ತೆ, ಏಳೋಕೆ ಆಗ್ತಿಲ್ವಾ?"

"ಆಗುತ್ತೆ. ಮನಸ್ಸಿಲ್ಲ."

ಆಮೇಲೆ ಟಬ್ಬಿನ ಪಕ್ಕಕ್ಕೆ ಹಾಕಿಸಿದ್ದ ಹಿಡಿಕೆ ಹಿಡಿದು ಒಬ್ಬರೇ ಎದ್ದು ಬಂದರು. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಕೋಲಿಲ್ಲದೆ ನಿಧಾನವಾಗಿ ಅಡುಗೆಮನೆಯವರೆಗೆ ನಡೆದು, ಸೊಸೆಯನ್ನು ನೋಡಿ ಹೇಳಿದರು: "ನೀರು ಇನ್ನೂ ಬಿಸಿಯಾಗಿ ಬರ್ತಿದೆ. ಟಬ್ಬಿನ ನೀರು ಬದಲಾಯಿಸಿಕೊಂಡು ನೀನೂ ಒಂದು ಸಲ ಕೂತು ನೋಡು, ಹೋಗು."