ಸಣ್ಣ ಕಣ್ಣಿನ ಚೀಲಗಳು

ಮಣ್ಣಣ್ಣ ಅನ್ನುವುದು ಅವನ ಹೆಸರಲ್ಲ. ಆದರೆ ಸಂಶೋಧನಾ ಕೇಂದ್ರದಲ್ಲಿ ಯಾರಾದರೂ ಅಸಲಿ ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಅಲ್ಲಿನ ಮರಗಳ ಬುಡದಲ್ಲಿ ಅಗೆದವನು. ಹಿಡಿ ಮಣ್ಣು ಮೂಸಿ, ಕೆಳಗೆ ಎರೆಹುಳು ಇದೆಯೋ ಇಲ್ಲವೋ ಹೇಳುವುದರಲ್ಲಿ ಎತ್ತಿದ ಕೈ.

ಹೊಸದಾಗಿ ಬಂದ ಮೇಡಂ ಮೊದಲ ದಿನವೇ ಅವನನ್ನು ಕೂರಿಸಿಕೊಂಡು ಕೆಲಸ ವಿವರಿಸಿದ್ದರು.

"ಯಾವ ಹುಳಕ್ಕೆ ಏನು ಹೆಸರು ಅನ್ನೋದು ಆಮೇಲೆ, ಮಣ್ಣಣ್ಣ. ಯಾರು ಏನು ಕೆಲಸ ಮಾಡ್ತಾರೆ ಅಂತ ನನಗೆ ಗೊತ್ತಾಗಬೇಕು. ಬಿದ್ದ ಎಲೆ ಹರಿಯೋರು ಯಾರು, ಹರಿದಿದ್ದನ್ನ ಕೊಳೆಸೋರು ಯಾರು, ಮಣ್ಣನ್ನ ಮೇಲೆ ಕೆಳಗೆ ಮಾಡೋರು ಯಾರು."

"ಹೇಗೆ ಗೊತ್ತಾಗುತ್ತೆ ಮೇಡಂ? ಅವೇನು ಹಾಜರಿ ಹಾಕ್ತಾವಾ?"

ಮೇಡಂ ನಕ್ಕರು. "ಅವನ್ನ ಒಳಗೆ ಬಿಡಬಾರದು. ಬಿಡದಿದ್ರೆ ಏನು ನಿಂತುಹೋಗುತ್ತೆ ನೋಡಬೇಕು. ನಿಂತುಹೋಗಿದ್ದೇ ಅವರ ಕೆಲಸ."

ಉಪಾಯ ಸರಳವಾಗಿತ್ತು. ಬಲೆಬಟ್ಟೆಯ ಇನ್ನೂರ ನಲವತ್ತು ಚೀಲ. ಅರ್ಧ ದೊಡ್ಡ ಕಣ್ಣಿನವು, ಅರ್ಧ ಸಣ್ಣ ಕಣ್ಣಿನವು. ಪ್ರತಿಯೊಂದಕ್ಕೂ ಒಂದೇ ತೂಕದ ಒಣ ಎಲೆ ತುಂಬಿ ಹೂಳುವುದು. ದೊಡ್ಡ ಕಣ್ಣಿನದರೊಳಗೆ ಎರೆಹುಳು, ಸಹಸ್ರಪದಿ ಎಲ್ಲ ನುಗ್ಗುತ್ತವೆ. ಸಣ್ಣ ಕಣ್ಣಿನದರೊಳಗೆ ಬೂಷ್ಟಿಗೂ ಕಣ್ಣಿಗೆ ಕಾಣದ ಜೀವಿಗಳಿಗೂ ಮಾತ್ರ ದಾರಿ. ನಂಬರಿನ ಕ್ರಮದಲ್ಲಿ ತಿಂಗಳಿಗೆ ಇಪ್ಪತ್ತು ಚೀಲ ತೆಗೆದು ಉಳಿದ ಎಲೆ ತೂಗಿದರೆ, ಎರಡರ ನಡುವಿನ ವ್ಯತ್ಯಾಸವೇ ಹುಳಗಳ ದುಡಿಮೆ.

ಚೀಲ ಹೊಲಿದವಳು ಮಣ್ಣಣ್ಣನ ಹೆಂಡತಿ. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತಿದ್ದಳು. ಅವಳ ಹೊಲಿಗೆ ಬಿಚ್ಚಿಕೊಂಡಿತು ಅಂತ ಆ ಬೀದಿಯಲ್ಲಿ ಯಾರೂ ಹೇಳಿದ್ದಿಲ್ಲ. ಅವನು ಎಲೆ ತೂಗಿ ತುಂಬುವುದು, ಅವಳು ಬಾಯಿ ಹೊಲಿದು ನಂಬರು ಬರೆಯುವುದು. ಕೊನೆಕೊನೆಗೆ ಕೆಲಸ ನಿಧಾನವಾಯಿತು. ಇವನಿಗೋ ಮೇಡಂ ಮುಂದೆ ತಲೆ ತಗ್ಗಿಸಬೇಕಾದೀತೆಂಬ ಅವಸರ.

"ಆಮೆ ಕೈಗೆ ಸೂಜಿ ಕೊಟ್ಟಿದ್ರೂ ಇಷ್ಟೊತ್ತಿಗೆ ಮುಗಿಸಿರೋದು ಕಣೇ."

"ಆಮೆಗೆ ಬೇಯಿಸಿ ಹಾಕೋಕೆ ಗಂಡ ಇರಲ್ವಲ್ಲ," ಅಂದಿದ್ದಳು ಅವಳು, ತಲೆ ಎತ್ತದೆ.

ಅಂತೂ ಇಂತೂ ಮುಗಿಸಿದರು. ಚೀಲ ಹೂತ ಎರಡು ತಿಂಗಳಿಗೆ ಅವಳು ಅಡುಗೆಮನೆಯಲ್ಲಿ ಕುಸಿದು ಬಿದ್ದಳು. ತಲೆಯೊಳಗೆ ಗಡ್ಡೆ ಅಂದರು ಡಾಕ್ಟರು. ಆಮೇಲೆ ಬದುಕಿದ್ದು ಮೂರೇ ತಿಂಗಳು.

ಮಣ್ಣಣ್ಣ ರಜೆ ಹಾಕಿದ್ದು ಹದಿಮೂರು ದಿನ. ಮತ್ತೆ ಬಂದು ಅಗೆಯತೊಡಗಿದ. ಚೀಲ ಬಿಚ್ಚುವಾಗ ಮಾತ್ರ ಹೊಲಿಗೆಗೆ ಕತ್ತರಿ ಹಾಕುತ್ತಿರಲಿಲ್ಲ, ಪಕ್ಕದ ಬಟ್ಟೆ ಕತ್ತರಿಸುತ್ತಿದ್ದ. ಮೇಡಂ ನೋಡಿಯೂ ನೋಡದಂತಿದ್ದರು.

ಹನ್ನೆರಡನೆಯ ತಿಂಗಳು ಕೊನೆಯ ಇಪ್ಪತ್ತು ಚೀಲ ಮೇಜಿನ ಮೇಲೆ ಬಂದವು. ಮೊದಲ ಸಣ್ಣ ಕಣ್ಣಿನ ಚೀಲ ಬಿಚ್ಚಿದರೆ ಒಳಗೆ ದಪ್ಪನೆಯ ಎರೆಹುಳು. ಎಲೆ ಹೋಗಿ ಬರೀ ನರಗಳು ಉಳಿದಿದ್ದವು.

"ಇದು ಹೇಗೆ ಒಳಗೆ ಬಂತು?" ಅಂದರು ಮೇಡಂ.

"ಸಲಿಕೆ ತಾಗ್ತು ಮೇಡಂ. ನಂದೇ ತಪ್ಪು." ಇಪ್ಪತ್ತೆಂಟು ವರ್ಷದಲ್ಲಿ ಒಂದು ಬೇರಿಗೂ ಸಲಿಕೆ ತಾಗಿಸದ ಮನುಷ್ಯ, ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ.

"ಸಲಿಕೆಯಾದ್ರೆ ಇದೊಂದನ್ನೇ ಬಿಟ್ಟರಾಯ್ತು. ಹೊಲಿಗೆಯೇ ಬಿಟ್ಟಿದ್ರೆ ಮಾತ್ರ ಈ ಕೊನೇ ಇಪ್ಪತ್ತನ್ನೂ ಎಸೀಬೇಕಾಗುತ್ತೆ."

ಅವಳು ಕೊನೆಗೆ ಮಾಡಿದ ಕೆಲಸ ಅದು. ಅದು ಕಸದ ಬುಟ್ಟಿಗೆ ಹೋಗಬಾರದು, ಅವಳ ಕೈಗೆ ಕೆಟ್ಟ ಹೆಸರು ಬರಬಾರದು. ಅವನಿಗೆ ಬೇಕಾಗಿದ್ದು ಅಷ್ಟೇ. ಎರಡನೆಯ ಚೀಲದಲ್ಲೂ ಹುಳ. ಅದಕ್ಕೂ ಸಲಿಕೆಯನ್ನೇ ದೂರಿದ. ಮೂರನೆಯದರಲ್ಲೂ ಹುಳ.

ಅವನು ಸಣ್ಣ ಕಣ್ಣಿನ ಹತ್ತನ್ನೂ ನಂಬರಿನ ಕ್ರಮದಲ್ಲಿ ಸಾಲಾಗಿಟ್ಟು, ದೀಪ ಹತ್ತಿರ ಎಳೆದು, ಮೊದಲ ಸಲ ಹೊಲಿಗೆಯನ್ನು ನೋಡಿದ. ಮೊದಲಿನದರಲ್ಲಿ ಎಲ್ಲೋ ಒಂದೆರಡು ಕಡೆ ಸಂದು. ಆಮೇಲಿನವುಗಳಲ್ಲಿ ದಾರ ಅಂಚು ಬಿಟ್ಟು ಅತ್ತ ಹೋಗಿತ್ತು, ಇತ್ತ ಬಂದಿತ್ತು. ಕೊನೆಯದರಲ್ಲಿ ಒಂದೇ ಜಾಗದಲ್ಲಿ ನಾಲ್ಕು ಸಲ ಸೂಜಿ ಚುಚ್ಚಿ ಸರಿಮಾಡಲು ನೋಡಿದ್ದಳು. ಆಗಿರಲಿಲ್ಲ. ಬರೆದ ಅಂಕಿಗಳೂ ಸೊಟ್ಟಗಿದ್ದವು. ಅವಳು ಬೀಳುವುದಕ್ಕೆ ಎರಡು ತಿಂಗಳು ಮೊದಲೇ ಎಲ್ಲ ಅಲ್ಲಿತ್ತು. ಆಗಲೇ ಡಾಕ್ಟರ ಹತ್ತಿರ ಹೋಗಿದ್ದರೆ?

"ಸಲಿಕೆಯಲ್ಲ ಮೇಡಂ," ಅಂದ. "ಎಲ್ಲಾ ಎಸೀರಿ."

ಮೇಡಂ ಪೆನ್ನು ಕೆಳಗಿಟ್ಟರು. ಆ ಸಾಲನ್ನು ಅವರೂ ನೋಡಿದ್ದರು.

"ಅಕ್ಕನಿಗೆ ಕೈ ನಡುಗೋಕೆ ಯಾವಾಗ ಶುರುವಾಗಿತ್ತು, ಮಣ್ಣಣ್ಣ?"

"ಗೊತ್ತಿಲ್ಲ." ಅವನು ಕೊನೆಯ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಕಣ್ಣೀರು ಗಡ್ಡಕ್ಕಿಳಿದರೂ ಒರೆಸಿಕೊಳ್ಳಲಿಲ್ಲ. "ಒಂದೇ ಚಾಪೆ ಮೇಲೆ ಕೂತಿದ್ವಿ. ನಾನು ತುಂಬಿಸಿ ಕೊಡ್ತಿದ್ದೆ, ಅವಳು ಹೊಲೀತಿದ್ದಳು. ಎಷ್ಟು ಚೀಲ ಆಯ್ತು ಅಂತ ನೋಡ್ತಿದ್ದೆ ಮೇಡಂ. ಅವಳ ಕೈ ನೋಡಲಿಲ್ಲ."